ರಾಹುಕಾಲದಲ್ಲಿ ಹುಟ್ಟಿದ ವಿಎಂ

ಎದುರಿಗೆ ಸಿಕ್ಕರೆ ಅವನನ್ನು ಸರ್ ಎನ್ನುತ್ತೇನೆ, ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗ ಮಾತ್ರ ಏಕವಚನ. ಆಫೀಸು ಅವನದಿರಬಹುದು, ಈ ಬರಹ ನನ್ನದು.

ಶಿವಮೊಗ್ಗದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಯ ಒಂದು ಪಾತ್ರೆ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ನಮ್ಮ ಆಫೀಸು. ಹತ್ತು ಹದಿನೈದು ಜನ ಇದ್ದೇವೆ. ಹೊರಗಿನ ಗಿರಾಕಿಗಳಿಗೆ ಕಂಪ್ಯೂಟರಿನ ತೀರಾ ಒಳಗಿನ, ಯಾರ ಕಣ್ಣಿಗೂ ಬೀಳದ ಸಾಫ್ಟ್‌ವೇರ್ ಬರೆದುಕೊಡುವುದು ನಮ್ಮ ಕಸುಬು. ಅವನು ಅಲ್ಲಿನ ಮುಖ್ಯಸ್ಥ. ಕೋಟೆಯಲ್ಲೇ ಹುಟ್ಟಿ ಬೆಳೆದವನು, ಆಫೀಸಿಗೆ ನಡೆದೇ ಬರುತ್ತಾನೆ. ನಾನು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಮಗಳು ಹೈಸ್ಕೂಲು ಸೇರುವ ತನಕ ಮನೆಯಲ್ಲಿದ್ದು ಮತ್ತೆ ಕೆಲಸ ಹಿಡಿದವಳು. ಈ ಎರಡು ಸಂಗತಿಗಳನ್ನು ಅವನು ಒಂದು ದಿನವೂ ಮರೆಯಲಿಲ್ಲ. ನಾನು ಅವನಿಗಿಂತ ಮುಂಚೆ ಬಂದು ಕೂತಿದ್ದರೂ "ಏನ್ ಮೇಡಂ, ಭದ್ರಾವತಿ ಬಸ್ಸು ಬಂತಾ?" ಎಂದೇ ಬೆಳಿಗ್ಗೆ ಶುರುವಾಗುತ್ತಿತ್ತು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವಿಗೆ ಈಗ ನನಗೆ ಸಿಟ್ಟು ಬರುತ್ತದೆ.

ನನಗೆ ಒಪ್ಪಿಸಿದ್ದ ಕೆಲಸವನ್ನು ಅಮ್ಮನಿಗೆ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ. ಪ್ರೊಸೆಸರ್ ಒಳಗೆ ಕೆಲವು ಪುಟ್ಟ ಕೌಂಟರುಗಳಿರುತ್ತವೆ. ಎಷ್ಟು ಕೆಲಸ ನಡೆಯಿತು, ಬೇಕಾದ ಮಾಹಿತಿ ಹತ್ತಿರ ಸಿಗದೆ ಎಷ್ಟು ಸಲ ದೂರದ ಮೆಮೊರಿಗೆ ಓಡಬೇಕಾಯಿತು, ಇಂಥದ್ದನ್ನೆಲ್ಲ ಅವು ಸದ್ದಿಲ್ಲದೆ ಎಣಿಸುತ್ತಿರುತ್ತವೆ. ಒಂದು ಪ್ರೋಗ್ರಾಂ ಯಾಕೆ ಆಮೆಯಾಗಿದೆ ಎಂದು ತಿಳಿಯಬೇಕಾದರೆ ಆ ಕೌಂಟರುಗಳನ್ನು ಓದಬೇಕು. ಇನ್ನು, ಒಂದು ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರಿನಿಂದಲೇ ಇನ್ನೊಂದು ಕಂಪ್ಯೂಟರನ್ನು ಕಟ್ಟಿ ನಿಲ್ಲಿಸಿದರೆ ಅದು ವರ್ಚುವಲ್ ಮೆಷಿನ್, ನಮ್ಮ ಬಾಯಲ್ಲಿ ವಿಎಂ. ಒಳಗಿರುವ ಆ ವಿಎಂಗೂ ಹೊರಗಿನ ನಿಜವಾದ ಕೌಂಟರು ಕಾಣುವಂತೆ ಮಾಡಬೇಕು. ಅಷ್ಟೇ ಕೆಲಸ.

ತೊಡಕಿದ್ದದ್ದು ಗಿರಾಕಿ ಕಳಿಸಿದ ಟೆಸ್ಟ್ ಮೆಷಿನ್ನಿನಲ್ಲಿ. ಅದರ ಪ್ರೊಸೆಸರಿನಲ್ಲಿ ಎರಡು ಜಾತಿಯ ಕೋರ್‌ಗಳು, ಅಂದರೆ ಕೆಲಸ ಮಾಡುವ ಘಟಕಗಳು, ಇದ್ದವು. ವೇಗಕ್ಕೆ ದೊಡ್ಡವು, ಕರೆಂಟು ಉಳಿಸಲು ಸಣ್ಣವು. ದೊಡ್ಡದರ ಕೌಂಟರು ಸಣ್ಣದರ ಕೆಲಸವನ್ನು ಎಣಿಸುವುದಿಲ್ಲ, ಸಣ್ಣದರದ್ದು ದೊಡ್ಡದರ ಕೆಲಸವನ್ನು ಮುಟ್ಟುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸಂಸಾರ. ವಿಎಂ ತಾನು ಹುಟ್ಟುವ ಗಳಿಗೆಯಲ್ಲಿ ಯಾವ ಜಾತಿಯ ಕೋರ್ ಮೇಲಿರುತ್ತದೋ ಆ ಜಾತಿಯ ಕೌಂಟರನ್ನೇ ತನ್ನದೆಂದು ಹಿಡಿದುಕೊಳ್ಳುತ್ತದೆ. ಆಮೇಲೆ ಯಜಮಾನ ಮೆಷಿನ್ನು ತನ್ನ ಅನುಕೂಲ ನೋಡಿಕೊಂಡು ವಿಎಂ ಅನ್ನು ಇನ್ನೊಂದು ಜಾತಿಯ ಕೋರ್‌ಗೆ ಎತ್ತಿ ಹಾಕುತ್ತದೆ. ಪಾಪ, ಒಳಗಿರುವ ವಿಎಂಗೆ ಇದು ಗೊತ್ತೇ ಆಗುವುದಿಲ್ಲ.

"ಬಾಡಿಗೆಯವರು ಮನೆ ಖಾಲಿ ಮಾಡಿ ಎದುರು ಮನೆಗೆ ಹೋದ್ರು ಅಂತಿಟ್ಕೋ ಅಮ್ಮಾ. ಆದ್ರೆ ಕರೆಂಟ್ ಮೀಟರ್ ನೋಡೋದು ಮಾತ್ರ ಹಳೇ ಮನೇದು" ಎಂದೆ.

"ಹಂಗಾದ್ರೆ ಒಂಚೂರೂ ಕರೆಂಟ್ ಸುಟ್ಟೇ ಇಲ್ಲ ಅಂತ ತೋರ್ಸುತ್ತಲ್ಲೇ!" ಎಂದು ಅಮ್ಮ ನಕ್ಕಳು. ಅದೇ ಆಗುತ್ತಿದ್ದದ್ದು.

ಇದಕ್ಕೆ ನಾನು ಮದ್ದು ಬರೆದಿದ್ದೆ. ವಿಎಂ ಹುಟ್ಟಿಸುವ ಕಮಾಂಡಿನಲ್ಲೇ ಯಾವ ಜಾತಿಯ ಕೋರ್ ಎಂದು ಹೇಳಿಬಿಡಬೇಕು. ಆಮೇಲೆ ಅದು ಆ ಜಾತಿಯ ಕೋರ್‌ಗಳ ಮೇಲಷ್ಟೇ ಓಡಬೇಕು, ತಪ್ಪಿ ಬೇರೆ ಕಡೆ ಹೋದರೆ ಸುಳ್ಳು ಅಂಕಿ ತೋರಿಸುವ ಬದಲು ಓಡುವುದಿಲ್ಲ ಎಂದು ನಿಂತುಬಿಡಬೇಕು. ಎಲ್ಲ ಕೋರ್‌ಗಳ ಮೇಲೂ ಓಡಲೇಬೇಕು ಎನ್ನುವವರಿಗೆ ಎರಡೂ ಜಾತಿಗೆ ಸಮನಾಗಿರುವ ಒಂದೆರಡು ಕೌಂಟರುಗಳನ್ನು ಮಾತ್ರ ತೋರಿಸಬೇಕು. ಕಡಿಮೆ ಇದ್ದರೂ ಸರಿ, ನಿಜ ಇರಬೇಕು. ಈ ಮದ್ದು ಹಾಕಿ, ಪರೀಕ್ಷೆ ಮಾಡಿ, ನಾನು ಗಿರಾಕಿಗೆ ಒಂದು ರಿಪೋರ್ಟ್ ಕೊಟ್ಟಿದ್ದೆ. ಅಂಕಿಗಳು ಚೊಕ್ಕವಾಗಿದ್ದವು. ಮನೆಯಲ್ಲಿ ಕೂತ ವರ್ಷಗಳ ನಂತರ ನಾನು ಮಾಡಿದ ಮೊದಲ ದೊಡ್ಡ ಕೆಲಸ ಅದು. ನನಗೆ ಹೆಮ್ಮೆಯಿತ್ತು, ಯಾಕೆ ಮುಚ್ಚಿಡಲಿ.

ನಮ್ಮಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಮೀಟಿಂಗ್. ಪರದೆಯ ಮೇಲೆ ಗಿರಾಕಿಯ ಕಡೆಯವರು, ಈ ಕಡೆ ನಾವೆಲ್ಲ. ಆ ಶುಕ್ರವಾರ ನನ್ನ ಕೆಲಸದ ಡೆಮೊ ಇತ್ತು. ತೋರಿಸುವುದು ನಾನಲ್ಲ, ಅವನು. ಡೆಮೊ ಯಾವಾಗಲೂ ಅವನೇ ಮಾಡುವುದು, ಮದುವೆಮನೆಯಲ್ಲಿ ಧಾರೆಗೆ ಮಾತ್ರ ಬಂದು ನಿಲ್ಲುವ ಸೋದರಮಾವನ ಹಾಗೆ. ಕಮಾಂಡಿನಲ್ಲಿ ಕೋರ್ ಸೂಚಿಸುವ ಭಾಗ ಉದ್ದವಾಯಿತೆಂದು ಅವನು ಅದನ್ನು ಅಳಿಸಿಬಿಟ್ಟಿದ್ದ.

"ಸರ್, ಅದು ಇರ್ಬೇಕು" ಎಂದೆ.

"ಕಸ್ಟಮರ್‌ಗೆ ಸಿಂಪಲ್ಲಾಗಿ ಕಾಣ್ಬೇಕು ಮೇಡಂ. ಅದಿಲ್ದೆನೂ ಓಡುತ್ತಲ್ಲ."

ಓಡಿತು. ಓಡಿದ ಸ್ವಲ್ಪ ಹೊತ್ತಿಗೆ ಕೌಂಟರಿನ ಸಾಲಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಆ ಕಡೆಯಿಂದ ಒಬ್ಬರು, ನಿಮ್ಮ ರಿಪೋರ್ಟಿನಲ್ಲಿ ಹೀಗಿರಲಿಲ್ಲವಲ್ಲ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ರಿಪೋರ್ಟ್ ಚೆಂದ ಕಾಣ್ಲಿ ಅಂತ ಮೇಡಂ ಕೂತ್ಕೊಂಡು ಅಂಕಿ ಹೊಂದ್ಸಿದಾರೆ ಅನ್ಸುತ್ತೆ. ಬಹಳ ವರ್ಷ ಗ್ಯಾಪ್ ಆಗಿತ್ತಲ್ಲ, ನಾವೂ ಸರಿಯಾಗಿ ನೋಡ್ಕೋಬೇಕಿತ್ತು" ಎಂದ.

ಹೊಂದಿಸಿದ್ದಾರೆ! ತಪ್ಪು ಮಾಡಿದ್ದಾರೆ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪು ಯಾರು ಮಾಡುವುದಿಲ್ಲ? ಸುಳ್ಳು ಅಂಕಿ ಬರೆದಿದ್ದಾಳೆ ಎಂದರೆ ಕಳ್ಳಿ ಎಂದ ಹಾಗೆ. ಅಳತೆಯ ಕೆಲಸದಲ್ಲಿರುವವರ ಮಾತನ್ನು ಒಮ್ಮೆ ಹೀಗೆ ಒಡೆದರೆ ಮುಂದೆ ಅವರು ಹೇಳಿದ ಯಾವ ಅಂಕಿಯನ್ನೂ ಯಾರೂ ನಂಬುವುದಿಲ್ಲ. ನಾನು "ಕೋರ್..." ಎಂದು ಶುರು ಮಾಡಿದೆ. "ಆಮೇಲೆ ಮಾತಾಡೋಣ" ಎಂದು ಅವನು ಮುಂದಿನ ವಿಷಯಕ್ಕೆ ಹೋದ.

ಆಮೇಲೆ ಮಾತಾಡಲು ಅವನ ಕ್ಯಾಬಿನ್ನಿಗೆ ಹೋದೆ. ಕಾರಣ ವಿವರಿಸಿದೆ, ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಶುಕ್ರವಾರ ಬೆಳಿಗ್ಗೆ ಮೀಟಿಂಗಿಗೆ ಮುಂಚೆ ಎಲ್ಲರೂ ವಾರದ ಕೆಲಸ ಮುಗಿಸಲು ಅದೇ ಮೆಷಿನ್ನಿನ ಮೇಲೆ ಬಿಲ್ಡ್ ಹಾಕುತ್ತಾರೆ, ಅಂದರೆ ಬರೆದ ಕೋಡನ್ನೆಲ್ಲ ಓಡುವ ಪ್ರೋಗ್ರಾಂ ಆಗಿ ಕಟ್ಟಿಸುತ್ತಾರೆ. ದೊಡ್ಡ ಕೋರ್‌ಗಳೆಲ್ಲ ತುಂಬಿರುತ್ತವೆ. ಆಗ ಹುಟ್ಟಿದ ವಿಎಂ ಸಣ್ಣ ಕೋರ್ ಮೇಲೆ ಹುಟ್ಟುತ್ತದೆ. ಬಿಲ್ಡ್ ಮುಗಿದ ಮೇಲೆ ದೊಡ್ಡದಕ್ಕೆ ಹಾರುತ್ತದೆ, ಕೌಂಟರು ನಿಂತುಹೋಗುತ್ತದೆ. ಇಷ್ಟೇ ಸರ್, ಎಂದೆ. ಅವನು ಫೋನ್ ನೋಡುತ್ತಿದ್ದವನು ತಲೆಯೆತ್ತಿ, "ಆದ್ಮೇಲೆ ಕಾರಣ ಹೇಳೋದು ಸುಲಭ ಮೇಡಂ" ಎಂದ. ಆ ಸಂಜೆಯೇ ಕೆಲಸ ನನ್ನ ಕೈಯಿಂದ ಹೋಯಿತು. ನನಗೆ ಕೈಪಿಡಿ ಬರೆಯಲು ಹೇಳಿದ. "ನಿಮ್ಗೆ ಬರವಣಿಗೆ ಚೆನ್ನಾಗಿದೆ" ಎಂದು ಮೇಲೊಂದು ಮೂಗಿಗೆ ತುಪ್ಪ.

ಅಮ್ಮನಿಗೆ ಹೇಳಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಎಂದಳು. ಆನೆ ಯಾರಿಗೆ ಬೇಕಿತ್ತು. ಅಂದ ಬಾಯಲ್ಲೇ, ಅಂದ ಜಾಗದಲ್ಲೇ, ಆ ಮಾತನ್ನು ಅವನು ನುಂಗಬೇಕು. ಅದೊಂದೇ ನನಗೆ ಬೇಕಾಗಿದ್ದದ್ದು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಅದನ್ನೇ ಯೋಚಿಸುತ್ತಿದ್ದೆ. ದಿನಾ ಪಕ್ಕದಲ್ಲಿ ಕೂರುವ ಗೆಳತಿ, ನಮ್ಮಲ್ಲೇ ಟೆಸ್ಟಿಂಗ್ ಮಾಡುವವಳು, ಭದ್ರಾವತಿಯ ನ್ಯೂಟೌನಿನ ತಮಿಳು ಮನೆಯ ಹುಡುಗಿ, "ಬಿಟ್ ಹಾಕಿ ಅಕ್ಕಾ, ಮರ್ತ್‌ಬಿಡಿ" ಎನ್ನುತ್ತಿದ್ದಳು. ನಾನು ಮರೆಯುವ ಜಾತಿಯಲ್ಲ. ನಮ್ಮ ಮನೆಯಲ್ಲಿ ಅಜ್ಜಿ, ನೆಂಟರೊಬ್ಬರು ತಾನು ಮಾಡಿದ ಸಾರಿಗೆ ಹೆಸರಿಟ್ಟರೆಂದು ಸಾಯುವ ತನಕ ಅವರ ಮನೆಯಲ್ಲಿ ನೀರು ಮುಟ್ಟಲಿಲ್ಲ. ರಕ್ತದಲ್ಲೇ ಇದೆ.

ಈ ನಡುವೆ ಅವನು ಸಂಶೋಧನೆಯೊಂದನ್ನು ಮಾಡಿದ. ವಿಎಂ ಅನ್ನು ಮಧ್ಯಾಹ್ನ ಹನ್ನೆರಡರ ಮೇಲೆ ಹುಟ್ಟಿಸಿದರೆ ಅಂಕಿ ಸರಿಯಾಗಿ ಬರುತ್ತಿತ್ತು. ಬಾರದೆ ಏನು, ಮೀಟಿಂಗ್ ಮುಗಿದು, ಬಿಲ್ಡುಗಳು ಮುಗಿದು, ದೊಡ್ಡ ಕೋರ್‌ಗಳು ಖಾಲಿ ಇರುವ ಹೊತ್ತು. ಆದರೆ ಅವನ ಕಣ್ಣಿಗೆ ಬಿದ್ದದ್ದು ಬೇರೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಮೊದಲು ತಮಾಷೆಗೆಂದು ಅಂದ. ಎರಡು ವಾರ ಅದೇ ಆದ ಮೇಲೆ ತಮಾಷೆ ಹೋಗಿ ನಿಯಮವಾಯಿತು. ಪ್ರಿಂಟರಿನ ಮೇಲಿನ ಗೋಡೆಗೆ ವಾರದ ರಾಹುಕಾಲದ ಪಟ್ಟಿ ಅಂಟಿತು. ಆ ವೇಳೆಯಲ್ಲಿ ಯಾರೂ ಹೊಸ ವಿಎಂ ಹುಟ್ಟಿಸಕೂಡದು. ಇಂಜಿನಿಯರಿಂಗ್ ಓದಿದ ಹತ್ತಾರು ಜನ ಗಡಿಯಾರ ನೋಡಿ ಕಮಾಂಡ್ ಒತ್ತತೊಡಗಿದರು. ಗಿರಾಕಿಗೆ ಅವನು ಅದನ್ನು ಟೈಮಿಂಗ್ ಸಮಸ್ಯೆ ಎಂದು ಬರೆದು ಕಳಿಸಿದ. ಅವರು ಸರಿಪಡಿಸಿದ್ದಕ್ಕೆ ಧನ್ಯವಾದ ಹೇಳಿದರು. ಅವನು ಮೀಟಿಂಗಿನಲ್ಲಿ ಆ ಧನ್ಯವಾದವನ್ನು ಓದಿ ಹೇಳಿದ, ನನ್ನ ಕಡೆ ನೋಡುತ್ತ.

ರಾಹುವಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ನಾನೂ ಮಗಳನ್ನು ಹೊಸ ಶಾಲೆಗೆ ಸೇರಿಸುವಾಗ ರಾಹುಕಾಲ ನೋಡಿದವಳೇ. ಆದರೆ ಹೆಂಗಸೊಬ್ಬಳು ಬೋರ್ಡಿನ ಮೇಲೆ ಬರೆದು ತೋರಿಸಿದ ಕಾರಣವನ್ನು ಬಿಟ್ಟು, ಗೋಡೆಯ ಮೇಲಿನ ಗ್ರಹವನ್ನು ನಂಬಿದನಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿತ್ತು. ಒಂದು ಮಂಗಳವಾರ, ರಾಹುಕಾಲ ನಡೆಯುತ್ತಿರುವಾಗ, ಮೆಷಿನ್ನು ಬಿಡುವಾಗಿದ್ದದ್ದು ನೋಡಿ ನಾನೇ ಗುಟ್ಟಾಗಿ ಒಂದು ವಿಎಂ ಹುಟ್ಟಿಸಿದೆ. ಮುತ್ತಿನಂಥ ಅಂಕಿಗಳು ಬಂದವು. ರಾಹು ಟೀ ಕುಡಿಯಲು ಹೋಗಿದ್ದ ಅಂತ ಕಾಣುತ್ತದೆ. ಪಕ್ಕದ ಮೇಜಿನ ಗೆಳತಿಗೆ ತೋರಿಸಿದೆ.

"ಹೋಗಿ ಹೇಳಿ ಅಕ್ಕಾ ಅವ್ರಿಗೆ" ಎಂದಳು.

"ಹೇಳಲ್ಲ ಮಾರಾಯ್ತಿ. ಒಂದ್ಸಲ ಹೇಳಿದೀನಿ. ಇನ್ನೊಂದ್ಸಲ ಹೇಳೋದು ಮೆಷಿನ್ನು."

ಕೆಲವು ತಿಂಗಳ ಮೇಲೆ ಗಿರಾಕಿಯ ಕಡೆಯಿಂದ ದೂರು ಬಂತು. ಅವರ ಹತ್ತಿರ ಅಂಕಿಗಳು ಒಂದು ದಿನ ಸರಿ, ಒಂದು ದಿನ ಸೊನ್ನೆ. ಅವರ ಊರಿನ ರಾಹುಕಾಲ ನಮ್ಮವನ ಕೈಯಲ್ಲಿ ಇರಲಿಲ್ಲವಲ್ಲ. ತಾವೇ ಬಂದು ಕಣ್ಣಾರೆ ನೋಡುತ್ತೇವೆ, ಸರಿಯಿಲ್ಲದಿದ್ದರೆ ಕೆಲಸ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬರೆದರು. ಅವನು ಪಂಚಾಂಗ ತೆಗೆದು ಬುಧವಾರ ಮಧ್ಯಾಹ್ನ ಒಂದೂವರೆಯ ಮೇಲೆ ಎಂದು ಗೊತ್ತುಮಾಡಿದ. ಆ ದಿನದ ರಾಹುಕಾಲ ಹನ್ನೆರಡಕ್ಕೆ ಶುರುವಾಗಿ ಒಂದೂವರೆಗೆ ಮುಗಿಯುತ್ತದೆ. ಅತಿಥಿಗಳಿಗೆ ಬೆಳಿಗ್ಗೆ ಗಾಜನೂರಿನ ಡ್ಯಾಂ ತೋರಿಸುವುದು, ರಾಹುಕಾಲದಲ್ಲಿ ಊಟ ಹಾಕಿಸುವುದು, ಮುಗಿದ ಕೂಡಲೇ ಡೆಮೊ. ಅವನ ಪ್ರಕಾರ ರಾಹುವಿಗೆ ಒಳಗೆ ಬರಲು ಎಲ್ಲ ದಾರಿಯೂ ಬಂದ್.

ಬುಧವಾರ ಅವರು ಊಟ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಅವನು ನನ್ನ ಮೇಜಿನ ಹತ್ತಿರ ಓಡಿ ಬಂದ. ಅತಿಥಿಗಳು ಮೆಟ್ಟಿಲು ಹತ್ತುತ್ತಿದ್ದರು.

"ಮೇಡಂ, ಕೈಪಿಡಿ ರೆಡಿನಾ? ಡೆಮೊ ಆದ್ ತಕ್ಷಣ ಅವ್ರ ಕೈಗೆ ಕೊಡ್ಬೇಕು."

"ಬರ್ದಾಗಿದೆ ಸರ್. ಪೂರ್ತಿ ಬಿಲ್ಡ್ ಮಾಡ್ಬೇಕು ಅಷ್ಟೆ." ಕೈಪಿಡಿಯೆಂದರೆ ಬರೀ ಮಾತಲ್ಲ. ಅದರಲ್ಲಿನ ಪ್ರತಿಯೊಂದು ಉದಾಹರಣೆಯನ್ನೂ ಮೆಷಿನ್ನು ಮತ್ತೆ ಕಂಪೈಲ್ ಮಾಡಿ, ಓಡಿಸಿ ನೋಡಿ, ಆಮೇಲೆ ಪುಟ ಕಟ್ಟುತ್ತದೆ. ಸ್ವಲ್ಪ ಹೊತ್ತು ದೊಡ್ಡ ಕೋರ್‌ಗಳನ್ನೆಲ್ಲ ಹಿಂಡಿಬಿಡುತ್ತದೆ.

"ಹಂಗಾದ್ರೆ ಹಾಕಿ. ಟೆಸ್ಟ್ ಮೆಷಿನ್ ಮೇಲೇ ಹಾಕಿ, ಅದೇ ಫಾಸ್ಟು."

"ಈಗ್ಲೇ ಹಾಕ್ಲಾ ಸರ್? ಡೆಮೊ ಮುಗಿದ್ಮೇಲೆ ಹಾಕಿದ್ರೆ ಆಗಲ್ವಾ?"

ಈ ಪ್ರಶ್ನೆ ಅವನನ್ನು ಉಳಿಸಲಿಕ್ಕೆ ಕೇಳಿದ್ದಲ್ಲ. ಕೇಳಿದ್ದೆ ಎಂದು ಆಮೇಲೆ ಹೇಳಲಿಕ್ಕೆ ಕೇಳಿದ್ದು. ಅವನು ಏನು ಉತ್ತರ ಕೊಡುತ್ತಾನೆಂದು ನನಗೆ ಗೊತ್ತಿತ್ತು.

"ಹೇಳಿದ್ದಷ್ಟು ಮಾಡ್ರಿ ಮೇಡಂ, ಒಳ್ಳೇ ಟೈಮ್ ನಡೀತಿದೆ" ಎಂದವನೇ ಬಾಗಿಲಿನ ಕಡೆ ಕೈಮುಗಿದುಕೊಂಡು ಹೋದ.

ಆ ಬಿಲ್ಡನ್ನು ಸಣ್ಣ ಕೋರ್‌ಗಳ ಮೇಲಷ್ಟೇ ಓಡಿಸಬಹುದಿತ್ತು. ಕಮಾಂಡಿನಲ್ಲಿ ಒಂದು ಪದ ಸೇರಿಸಿದ್ದರೆ ಸಾಕಿತ್ತು. ನಾನು ಸೇರಿಸಲಿಲ್ಲ. ಬೇಕೆಂದೇ ಸೇರಿಸಲಿಲ್ಲ. ಅವನು ಮೀಟಿಂಗ್ ಕೋಣೆಯಲ್ಲಿ ಗಡಿಯಾರ ನೋಡಿ, ಒಂದೂವರೆ ದಾಟಿದ್ದನ್ನು ಖಾತ್ರಿ ಮಾಡಿಕೊಂಡು, ಕೀಬೋರ್ಡಿಗೆ ಕೈ ಹಾಕುವುದನ್ನು ಗಾಜಿನ ಬಾಗಿಲಿನಿಂದ ಕಾದು ನೋಡಿ, ಅವನ ವಿಎಂ ಹುಟ್ಟುವುದಕ್ಕಿಂತ ಸ್ವಲ್ಪ ಮುಂಚೆ ಎಂಟರ್ ಒತ್ತಿದೆ. ಅಷ್ಟು ಸುಖ ನನಗೆ ಯಾವ ಕೀ ಒತ್ತಿದಾಗಲೂ ಸಿಕ್ಕಿಲ್ಲ. ಪಕ್ಕದಲ್ಲಿದ್ದ ಗೆಳತಿ ನನ್ನ ಪರದೆ ನೋಡಿದಳು, ನನ್ನ ಮುಖ ನೋಡಿದಳು, "ಅಯ್ಯಯ್ಯೋ ಅಕ್ಕಾ" ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ನಾವಿಬ್ಬರೂ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು.

ಬಂದವರಲ್ಲಿ ಮುಖ್ಯರಾದವರು ಧಾರವಾಡದ ಕಡೆಯ ಒಬ್ಬ ಹೆಂಗಸು. ನನಗಿಂತ ಹಿರಿಯರು, ತಲೆ ಅರ್ಧ ನರೆತಿತ್ತು. ಅವರು ಮಾತು ಕಮ್ಮಿ ಆಡಿ ಪರದೆ ಜಾಸ್ತಿ ನೋಡುವವರು. ಅವನು ವಿಎಂ ಹುಟ್ಟಿಸಿದ. ಕೌಂಟರು ಓಡಿತು. ಅವನ ಮುಖ ಅರಳಿತು. ಟೈಮಿಂಗ್ ಸಮಸ್ಯೆಯನ್ನು ತಾನು ಹೇಗೆ ಬಗೆಹರಿಸಿದೆ ಎಂದು ಶುರು ಮಾಡಿದ. ಅಷ್ಟರಲ್ಲಿ ನನ್ನ ಕೈಪಿಡಿ ಮುಗಿದಿರಬೇಕು, ದೊಡ್ಡ ಕೋರ್‌ಗಳು ಖಾಲಿಯಾಗಿ ಅವನ ವಿಎಂ ಅಲ್ಲಿಗೆ ಹಾರಿರಬೇಕು. ಅವನ ಬೆನ್ನ ಹಿಂದಿನ ಪರದೆಯಲ್ಲಿ ಅಂಕಿಗಳು ಒಂದೊಂದಾಗಿ ಸೊನ್ನೆಗೆ ಇಳಿದವು. ಅವನಿಗೆ ಕಾಣುತ್ತಿರಲಿಲ್ಲ. ಅವನು ಮಾತಾಡುತ್ತಲೇ ಇದ್ದ. ಎಲ್ಲರ ಕಣ್ಣೂ ತನ್ನ ಹೆಗಲ ಮೇಲಿಂದ ಹಿಂದಕ್ಕೆ ಹೋದದ್ದು ಕಂಡು ತಿರುಗಿದ.

ಎರಡನೇ ವಿಎಂ ಹುಟ್ಟಿಸಲು ಹೋದ ಅವನ ಕೈ ತಡೆದು ಆ ಹೆಂಗಸು ಕೇಳಿದರು, "ತಡೀರಿ ಸರ. ಈ ವಿಎಂ ಹುಟ್ಟಿದ್ದು ಯಾವ ಕೋರ್ ಮ್ಯಾಲೆ? ದೊಡ್ಡದರ ಮ್ಯಾಲೋ, ಸಣ್ಣದರ ಮ್ಯಾಲೋ?"

ಅವನು ಗೋಡೆಯ ಗಡಿಯಾರ ನೋಡಿದ. ಆಮೇಲೆ ಬಾಯಿಂದ ಬಂದ ಮಾತನ್ನು ಅವನು ಈ ಜನ್ಮದಲ್ಲಿ ವಾಪಸ್ ತೆಗೆದುಕೊಳ್ಳಲಾರ.

"ರಾಹುಕಾಲ ಮುಗ್ದಿತ್ತಲ್ಲ!" ಎಂದ.

"ಏನಂದ್ರಿ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕಿವಿಯ ತುದಿ ಕೆಂಪಾಗಿ ಅವನು, "ಅಲ್ಲ, ಇದು... ಈ ಕೋಡು ಮೇಡಂ ಬರ್ದಿದ್ದು, ಅವ್ರನ್ನೇ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದ. ಒಳ್ಳೆಯದಾದರೆ ತನ್ನದು, ಕೆಟ್ಟರೆ ಮೇಡಂದು. ಅದೂ ಒಂದು ಉಪಕಾರವಾಯಿತು. ಕೋಡು ನನ್ನದೆಂದು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಎದ್ದು ಹೋದೆ. ಅವನು ಕುರ್ಚಿ ಬಿಟ್ಟುಕೊಟ್ಟ. ನಾನು ಮೂಲ ಕಮಾಂಡನ್ನು, ಅವನು ಅಳಿಸಿದ್ದ ಆ ಉದ್ದದ ಭಾಗದ ಸಮೇತ, ನಿಧಾನವಾಗಿ ಟೈಪ್ ಮಾಡಿದೆ. ದೊಡ್ಡ ಕೋರ್ ಎಂದು ಹೇಳಿ ಒಂದು ವಿಎಂ ಹುಟ್ಟಿಸಿದೆ, ಅಂಕಿಗಳು ಬಂದು ನಿಂತವು. ಸಣ್ಣ ಕೋರ್ ಎಂದು ಹೇಳಿ ಇನ್ನೊಂದು, ಅಲ್ಲೂ ಬಂದವು. ಆಮೇಲೆ ಸಣ್ಣದಕ್ಕೆ ಕಟ್ಟಿದ ವಿಎಂ ಅನ್ನು ಬೇಕೆಂದೇ ದೊಡ್ಡದಕ್ಕೆ ತಳ್ಳಿದೆ. ಅದು ಇಲ್ಲಿ ಓಡುವುದಿಲ್ಲ ಎಂದು ಕೆಂಪಕ್ಷರದಲ್ಲಿ ಹೇಳಿ ನಿಂತಿತು. ಯಾವ ಸಡಗರವೂ ಇಲ್ಲದೆ ಆ ಹೆಂಗಸು, "ಹಿಂಗ ನಿಲ್ಲಬೇಕ್ ನೋಡ್ರಿ. ಸುಳ್ಳ ಹೇಳೂದಕ್ಕಿಂತ ಇದು ಚಲೋ" ಎಂದರು. ಎರಡೂ ಜಾತಿಗೆ ಸಮನಾದ ಕೌಂಟರುಗಳ ದಾರಿಯನ್ನೂ ಕೇಳಿ ತಿಳಿದುಕೊಂಡರು. ಕೊನೆಗೆ ಕನ್ನಡಕ ತೆಗೆದು, "ಹಂಗಾದ್ರ ನಿಮ್ಮ ಮೊದಲಿನ ರಿಪೋರ್ಟ್ ಖರೇನ ಇತ್ತಲ್ರಿ?" ಎಂದರು.

"ಹೌದು ಮೇಡಂ, ನಿಜವಾಗಿತ್ತು" ಎಂದೆ. ಅವನ ಎದುರು ಅಳಬಾರದೆಂದು ಹಲ್ಲು ಕಚ್ಚಿ ಪರದೆ ನೋಡಿದೆ.

ಕೆಲಸ ನಮ್ಮಲ್ಲೇ ಉಳಿಯಿತು. ಇನ್ನು ಮುಂದೆ ಇದರ ಮಾತುಕತೆಯೆಲ್ಲ ಇವರ ಜೊತೆಗೇ ಎಂದು ಅವರು ನನ್ನನ್ನು ತೋರಿಸಿ ಹೇಳಿ ಹೋದರು. ಗೆಲುವು ಅಂದರೆ ಅದೇ ಆಗಬೇಕಿತ್ತು. ಆದರೆ ನನ್ನ ರಿಪೋರ್ಟ್ ನಿಜ ಎಂದದ್ದು ಧಾರವಾಡದ ಮೇಡಂ. ಹೊಂದಿಸಿದ್ದಾರೆ ಎಂದವನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಸಂಜೆ ಅತಿಥಿಗಳನ್ನು ಬಿಟ್ಟು ಬಂದ ಅವನು, ಅವರಿಗಾಗಿ ತಂದಿದ್ದ ಕಾರನ್ನು ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನನ್ನ ಪಕ್ಕ ನಿಲ್ಲಿಸಿದ. "ಬನ್ನಿ ಮೇಡಂ, ಭದ್ರಾವತಿ ತನಕ ಬಿಡ್ತೀನಿ." ಗೆಳತಿ ಬೇಗ ಮನೆಗೆ ಹೋಗಿದ್ದಳು. ಏನು ಹೇಳುತ್ತಾನೋ ಕೇಳೋಣವೆಂದು ಹತ್ತಿದೆ. ಊರು ದಾಟಿದ ಮೇಲೆ ಅವನು ಕೇಳಿದ.

"ಆ ಬಿಲ್ಡಿಂದ ಹಿಂಗಾಗುತ್ತೆ ಅಂತ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್. ನಿಮ್ಗೂ ಗೊತ್ತಿರ್ಬೇಕಿತ್ತು, ಬೋರ್ಡ್ ಮೇಲೆ ಬರ್ದಿದ್ದೆ."

"ಬೇಕಂತಲೇ ಮಾಡಿದ್ರಾ?"

"ಹೌದು."

"ಎಲ್ರ ಕೆಲ್ಸಾನೂ ಹೋಗ್ತಿತ್ತಲ್ರಿ!"

"ಹೋಗೋಕೆ ಬಿಡ್ತಿರ್ಲಿಲ್ಲ. ಸರಿಮಾಡೋಕೆ ನಾನಿದ್ನಲ್ಲ. ನನ್ ಕೆಲ್ಸ ಹೋದಾಗ ಯಾರಿದ್ರು ಸರ್?"

ಮಲವಗೊಪ್ಪ ಹತ್ತಿರ ಬಂತು. ಅವನು ಗಾಡಿ ನಿಧಾನ ಮಾಡಿ, ರಸ್ತೆಯನ್ನೇ ನೋಡುತ್ತ, "ಆ ದಿನ ನಾನು ಹಂಗ್ ಹೇಳ್ಬಾರ್ದಿತ್ತು. ಸಾರಿ. ಮನ್ಸಲ್ಲಿ ಇಟ್ಕೋಬೇಡಿ" ಎಂದ. ಕಾರಿನ ಗಾಜು ಏರಿತ್ತು, ಏಸಿ ಓಡುತ್ತಿತ್ತು. ಕೇಳಲು ನಾನೊಬ್ಬಳೇ. ಹದಿನೈದು ಜನರ ಎದುರು ಉಗಿದು, ಗಾಜು ಏರಿಸಿಕೊಂಡು ಒರೆಸುವ ಈ ಬುದ್ಧಿ ನೋಡಿ ನನಗೆ ಅವತ್ತಿನದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಕಾರಲ್ಲಿ ಬೇಡ ಸರ್. ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ. ಯಾರ ಮುಂದೆ ಹೇಳಿದ್ರೋ ಅವ್ರ ಮುಂದೆ" ಎಂದೆ. "ಇಲ್ಲೇ ನಿಲ್ಸಿ, ನಾನ್ ಬಸ್ಸಿಗೆ ಹೋಗ್ತೀನಿ." ಮಲವಗೊಪ್ಪದ ಸ್ಟಾಪಿನಲ್ಲಿ ಇಳಿದು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದೆ.

ಶುಕ್ರವಾರದ ಮೀಟಿಂಗಿನಲ್ಲಿ ಎಲ್ಲರೂ ಇದ್ದರು. ಪರದೆಯ ಮೇಲೆ ಗಿರಾಕಿಯ ಕಡೆಯವರೂ ಇದ್ದರು, ಧಾರವಾಡದ ಮೇಡಂ ಕೂಡ. ಅವನು ಅದೂ ಇದೂ ಮಾತಾಡಿ ಮುಗಿಸುವ ಹಂತಕ್ಕೆ ಬಂದ. ನನ್ನ ಕಡೆ ಒಂದು ಸಲ ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ಬುಧವಾರದಿಂದ ಅವನಿಗೆ ಅರ್ಥವಾಗಿತ್ತು, ಇವಳು ಬಿಡುವವಳಲ್ಲ, ಮುಂದೆಯೂ ಎಂಟರ್ ಕೀ ಇವಳ ಕೈಯಲ್ಲೇ ಇರುತ್ತದೆ ಎಂದು.

"ಇನ್ನೊಂದ್ ವಿಷ್ಯ" ಎಂದ. "ಹಿಂದೆ ಮೇಡಂ ರಿಪೋರ್ಟ್ ಬಗ್ಗೆ ನಾನು... ಅದು ಸರಿ ಇತ್ತು."

ಮೇಜಿನ ತುದಿಯಲ್ಲಿ ಕೂತವನಿಗೂ ಕೇಳದಷ್ಟು ಸಣ್ಣ ದನಿ.

"ಪರದೆ ಮೇಲಿರೋರಿಗೆ ಕೇಳ್ಸಿಲ್ಲ ಅನ್ಸುತ್ತೆ ಸರ್" ಎಂದೆ.

ಅವನು ಎದ್ದು ನಿಂತು ಮೈಕನ್ನು ಹತ್ತಿರ ಎಳೆದುಕೊಂಡ. "ಮೇಡಂ ಅಂಕಿ ಹೊಂದ್ಸಿದಾರೆ ಅಂತ ನಾನು ಇದೇ ಮೀಟಿಂಗಲ್ಲಿ ಹೇಳಿದ್ದೆ. ಅದು ಸುಳ್ಳು. ಅವ್ರು ಏನನ್ನೂ ಹೊಂದ್ಸಿರ್ಲಿಲ್ಲ. ಕಮಾಂಡ್ ಬದಲಾಯ್ಸಿದ್ದು ನಾನು. ತಪ್ಪು ನಂದು. ಕ್ಷಮಿಸ್ಬೇಕು."

ನಮ್ಮ ಕಡೆ ಒಂದು ರೂಢಿಯಿದೆ. ಎದುರಿನವರು ತಪ್ಪಾಯಿತು ಎಂದ ಕೂಡಲೇ ಈ ಕಡೆಯವರು, ಎಷ್ಟೇ ನೊಂದಿರಲಿ, ಅಯ್ಯೋ ಇರ್ಲಿ ಬಿಡಿ, ಅದಕ್ಕೇನಂತೆ ಎನ್ನಬೇಕು. ಆ ಮಾತು ಬಿದ್ದರೇ ಅಂದವರು ಕೂರುವುದು, ಟೀ ಬರುವುದು, ಎಲ್ಲರೂ ಉಸಿರು ಬಿಡುವುದು. ಅವನು ಅದಕ್ಕಾಗಿ ಕಾದು ನಿಂತ. ಕೋಣೆಯೆಲ್ಲ ನನ್ನ ಬಾಯಿ ನೋಡಿತು. ಪಕ್ಕದಲ್ಲಿದ್ದ ಗೆಳತಿ ಮೇಜಿನ ಕೆಳಗಿಂದ ನನ್ನ ಮೊಣಕಾಲು ತಟ್ಟಿದಳು, ಹೇಳಿ ಅಕ್ಕಾ ಎನ್ನುವ ಹಾಗೆ.

ನಾನು ಲ್ಯಾಪ್‌ಟಾಪ್ ತೆರೆದು, ಕನ್ನಡಕ ಹಾಕಿಕೊಂಡು, "ಮುಂದಿನ ವಿಷ್ಯ ನೋಡೋಣ್ವಾ?" ಎಂದೆ. ಅವನು ನಿಂತೇ ಇದ್ದ.